ಸೂರ್ಯನಿಗೆ ಸೋಡಾ ಅರ್ಘ್ಯ

ಹೋಟೆಲಿನ ಬಾಡಿಗೆ ಏರುತ್ತಾ ಹೋದ ಹಾಗೆ ಬೋರ್ಡಿನ ಅಕ್ಷರ ಕಿರಿದಾಗುತ್ತಾ ಹೋಗುತ್ತದೆ. ಮೈಸೂರು ಬಸ್ ಸ್ಟ್ಯಾಂಡಿನ ಆಸುಪಾಸಿನ ಲಾಡ್ಜುಗಳ ಹೆಸರನ್ನು ಕನ್ನಡಕ ಮರೆತು ಬಂದವರೂ ರಸ್ತೆಯ ಆಚೆ ಬದಿಯಿಂದ ಓದಬಹುದು. ಇಟಲಿಯ ಸೊರೆಂಟೊದಲ್ಲಿ ಮಗಳು ನಮಗೆ ಗೊತ್ತುಮಾಡಿದ್ದ ಹೋಟೆಲಿಗೆ ಬೋರ್ಡೇ ಇರಲಿಲ್ಲ. ಒಂದು ಓಣಿ, ಉದ್ದಕ್ಕೂ ಗೋಡೆ, ಗೋಡೆಯಾಚೆ ನಿಂಬೆ ಮರಗಳು, ನಡುವೆ ಮುಚ್ಚಿದ ಹಸಿರು ಬಾಗಿಲು. ಕರೆಗಂಟೆಯ ಪಕ್ಕ ಬೆರಳಗಲದ ಹಿತ್ತಾಳೆ ತಗಡಿನಲ್ಲಿ ಹೆಸರು ಕೆತ್ತಿದ್ದರು. ನಮ್ಮನೆಯವರು ಅದನ್ನು ಕರೆಂಟ್ ಮೀಟರಿನ ನಂಬರು ಎಂದುಕೊಂಡು ದಾಟಿ ಹೋಗಿದ್ದರು. ಕಲ್ಲುಹಾಸಿನ ಮೇಲೆ ನಮ್ಮ ಸೂಟ್‌ಕೇಸಿನ ಗಾಲಿಗಳು ಮಾಡಿದ ಗಲಾಟೆಗೆ ಒಳಗಿನವರೇ ಬಾಗಿಲು ತೆಗೆದು, ಓಣಿ ನೆಮ್ಮದಿಯಾಗಿರಲಿ ಎಂಬಂತೆ, ನಮ್ಮನ್ನು ಬೇಗ ಬೇಗ ಒಳಗೆ ಕರೆದುಕೊಂಡರು.

ಮಗಳು ಮ್ಯೂನಿಕ್‌ನಲ್ಲಿ ಕೆಲಸದಲ್ಲಿದ್ದಾಳೆ. ಅಪ್ಪನಿಗೆ ಎಪ್ಪತ್ತು ತುಂಬಿತು, ಏನಾದರೂ ಮಾಡಬೇಕು ಎಂದಾಗ ನಾನು ಭೀಮರಥ ಶಾಂತಿ ಅಂದೆ, ಅವಳು ಬುಟೀಕ್ ಹೋಟೆಲ್ ಅಂದಳು. ದುಡ್ಡು ಅವಳದ್ದಾದ್ದರಿಂದ ಬುಟೀಕ್ ಹೋಟೆಲ್ ಗೆದ್ದಿತು. ನೇಪಲ್ಸ್‌ವರೆಗೆ ಬಂದು ನಮ್ಮನ್ನು ಟ್ಯಾಕ್ಸಿ ಹತ್ತಿಸಿ, "ಶನಿವಾರ ಬರ್ತೀನಮ್ಮಾ, ಅಲ್ಲೀವರೆಗೆ ಅಪ್ಪ ಏನನ್ನೂ ಬಿಚ್ಚದೇ ಇರೋ ಹಾಗೆ ನೋಡ್ಕೋ" ಎಂದು ಹೇಳಿ ಹಿಂತಿರುಗಿದಳು. ಬಿಚ್ಚುವುದು ಅಂದರೆ ಸ್ಕ್ರೂ. ನಮ್ಮನೆಯವರು ಕೆ.ಇ.ಬಿ.ಯಲ್ಲಿ ಇಂಜಿನಿಯರಾಗಿದ್ದು ರಿಟೈರಾದವರು. ಎಲ್ಲಿ ಹೋದರೂ ಮೊದಲು ಸ್ವಿಚ್‌ಬೋರ್ಡ್ ನೋಡುತ್ತಾರೆ, ಆಮೇಲೆ ಮನೆಯವರನ್ನು.

ಜಾಗವನ್ನು ಹೊಗಳದೆ ಮುಂದೆ ಹೋದರೆ ಪಾಪ ತಟ್ಟೀತು. ಸುಮಾರು 39,000 ವರ್ಷಗಳ ಹಿಂದೆ ನೇಪಲ್ಸಿನ ಪಶ್ಚಿಮಕ್ಕಿರುವ ಕಾಂಪಿ ಫ್ಲೆಗ್ರೈ ಎಂಬಲ್ಲಿ ನೆಲ ಸಿಡಿದು ಬೂದಿ ಕಾರಿತು. ಆ ಬೂದಿಯೇ ಇಲ್ಲಿ ಬಿದ್ದು, ಗಟ್ಟಿಯಾಗಿ, ಕಡಿದಾದ ಬಂಡೆಯಾಗಿದೆ. ಊರು ಆ ಬಂಡೆಯ ನೆತ್ತಿಯ ಮೇಲೆ, ಕೊಲ್ಲಿ ಕಾಲ ಬುಡದಲ್ಲಿ. ಮರಳಿನ ದಂಡೆ ಇಲ್ಲವೆನ್ನುವಷ್ಟು ಕಮ್ಮಿ, ಆದ್ದರಿಂದ ನೀರಿನ ಮೇಲೆ ಮರದ ಅಟ್ಟಣೆ ಹಾಕಿ ಅಲ್ಲಿ ಮಲಗುವುದಕ್ಕೆ ಬಾಡಿಗೆ ವಸೂಲು ಮಾಡುತ್ತಾರೆ. ಬಂಡೆಯೊಳಗೆ ಕೊರೆದ ಲಿಫ್ಟಿನಲ್ಲಿ ಸಮುದ್ರಕ್ಕೆ ಇಳಿಯಬಹುದು. ಅದನ್ನು ನೋಡಲು ನಮ್ಮನೆಯವರು ಸಮುದ್ರ ನೋಡುವುದಕ್ಕಿಂತ ಹೆಚ್ಚು ಹೊತ್ತು ನಿಂತರು.

ಬೋರ್ಡು ಅಡಗಿಸಿದ್ದು ಬರೀ ಪೀಠಿಕೆ ಅನ್ನುವುದು ರೂಮಿನೊಳಗೆ ಹೋದ ಮೇಲೆ ತಿಳಿಯಿತು. ಬೀರು ಗೋಡೆಯೊಳಗೆ ಅಡಗಿತ್ತು. ಟೀವಿ ಕನ್ನಡಿಯೊಳಗೆ ಅಡಗಿತ್ತು. ಕಾಫಿ ಮಿಷನ್ನು ಚರ್ಮ ಹೊದಿಸಿದ ಡ್ರಾಯರಿನಲ್ಲಿ ಅಡಗಿತ್ತು. ನೀರು ಕಾಯಿಸುವ ಕೆಟಲ್ ಮಾತ್ರ ಅಡಗಿರಲಿಲ್ಲ, ಅದು ಇರಲೇ ಇಲ್ಲ. ಸ್ವಿಚ್ಚಿನ ಜಾಗದಲ್ಲಿ ನುಣುಪಾದ ಒಂದು ಗಾಜಿನ ಪಟ್ಟಿ, ಅದರ ಮೇಲೆ ಅಕ್ಷರವಿಲ್ಲ, ಚಿತ್ರವಿಲ್ಲ, ಬೆರಳು ತಾಗಿಸಿದರೆ ಎಲ್ಲೋ ಏನೋ ಆಗುತ್ತದೆ. ಒಂದು ಕಡೆ ಮುಟ್ಟಿದರೆ ಮಂಚದ ಕೆಳಗೆ ನೀಲಿ ಬೆಳಕು. ಇನ್ನೊಂದು ಕಡೆ ಮುಟ್ಟಿದರೆ ಬಚ್ಚಲಲ್ಲಿ ಸಂಗೀತ. ಮಲಗುವ ಹೊತ್ತಿಗೆ ಎಲ್ಲವೂ ಆರಿ, ನೆತ್ತಿಯ ಮೇಲಿನ ಒಂದು ದೀಪ ಮಾತ್ರ ಹಟ ಹಿಡಿದು ಉಳಿಯಿತು. ಅದನ್ನು ಆರಿಸಲು ಇವರು ಟವೆಲ್ ಸುತ್ತಿಕೊಂಡೇ ಎದ್ದು ಪಟ್ಟಿಯ ಉದ್ದಗಲ ಒತ್ತಿದಾಗ ಪರದೆಗಳು ತಾವಾಗಿಯೇ ಎರಡೂ ಬದಿಗೆ ಸರಿದವು. ಎದುರಿನ ತಾರಸಿಯಲ್ಲಿ ಊಟ ಮಾಡುತ್ತಿದ್ದ ದಂಪತಿಗಳು ಫೋರ್ಕ್ ಕೆಳಗಿಟ್ಟರು.

"ರೀ, ರಿಸೆಪ್ಷನ್‌ಗೆ ಫೋನ್ ಮಾಡಿ" ಅಂದೆ.

"ಲೈಟ್ ಆರಿಸೋದಕ್ಕೆ ಕೆ.ಇ.ಬಿ.ಯವನು ಫೋನ್ ಮಾಡ್ಬೇಕಾ?" ಎಂದರು.

ಮೂರು ತಾಲ್ಲೂಕಿಗೆ ಕರೆಂಟು ಕೊಟ್ಟವರು, ಬೇಕೆಂದಾಗ ತೆಗೆದೂ ತೋರಿಸಿದವರು, ಆ ರಾತ್ರಿ ಕಣ್ಣಿಗೆ ಕರ್ಚೀಫ್ ಕಟ್ಟಿಕೊಂಡು ಮಲಗಿದರು.

ಬಚ್ಚಲಿನ ಕಥೆಯನ್ನು ಬಿಡುವ ಹಾಗಿಲ್ಲ. ಇಟಲಿಯ ಬಗ್ಗೆ ನನಗಿರುವ ಗೌರವದ ಮುಕ್ಕಾಲು ಪಾಲು ಹುಟ್ಟಿದ್ದೇ ಅಲ್ಲಿ. ಯೂರೋಪಿಗೆ ಹೋಗಿಬಂದ ನಮ್ಮವರೆಲ್ಲ ಪಿಸುಮಾತಿನಲ್ಲಿ ಹಂಚಿಕೊಳ್ಳುವ ದುಃಖವೊಂದಿದೆ, ಕಾಗದದ ದುಃಖ. ಇಟಲಿಯವರು ಮಾತ್ರ ತೊಳೆಯುವ ಜನ. ಮನೆ ಎಂದರೆ ಅದರ ಒಂದು ಬಚ್ಚಲಲ್ಲಾದರೂ ಬಿಡೆ ಎಂಬ, ಕೂತು ತೊಳೆದುಕೊಳ್ಳುವ ತೊಟ್ಟಿ ಇರಲೇಬೇಕು ಎಂದು 1975ರಲ್ಲಿ ಸರ್ಕಾರಿ ಆದೇಶವನ್ನೇ ಹೊರಡಿಸಿದ್ದಾರೆ. ಕಮೋಡಿನ ಪಕ್ಕ ತಗ್ಗಾಗಿ ಕೂತಿದ್ದ ಆ ಪಿಂಗಾಣಿ ತೊಟ್ಟಿಯನ್ನು ಕಂಡು ನಮ್ಮನೆಯವರು, "ನೋಡು, ಹೊರಗಿಂದ ಬಂದವರು ಕಾಲು ತೊಳ್ಕೊಳ್ಳೋಕೆ ಎಷ್ಟು ಚೆನ್ನಾಗಿ ವ್ಯವಸ್ಥೆ ಮಾಡಿದ್ದಾರೆ" ಎಂದು ಕಾಲು ತೊಳೆದುಕೊಂಡರು. ನಾನು ತಡೆಯಲಿಲ್ಲ. ಕಾಲೂ ದೇಹದ ಭಾಗವೇ.

ತೊಂದರೆಯಾದದ್ದು ಹಗ್ಗದಿಂದ. ಅಲ್ಲಿನ ಹೋಟೆಲುಗಳ ಬಚ್ಚಲಲ್ಲಿ ಷವರಿನ ಹತ್ತಿರ ಒಂದು ದಾರ ಇಳಿಬಿಟ್ಟಿರುತ್ತಾರೆ. ಜಾರಿ ಬಿದ್ದವರು ಎಳೆದರೆ ರಿಸೆಪ್ಷನ್ನಿನಲ್ಲಿ ಗಂಟೆ ಹೊಡೆಯುತ್ತದೆ. ಎಲ್ಲವನ್ನೂ ಅಡಗಿಸಿಟ್ಟ ಆ ಹೋಟೆಲಿನಲ್ಲಿ ಕಣ್ಣಿಗೆ ಕಾಣುವಂತಿದ್ದ ಒಂದೇ ವಸ್ತು ಅದು. ಆದ್ದರಿಂದ ಇವರು ಒಗೆದ ಬನಿಯನ್ನನ್ನು ಅದಕ್ಕೇ ಕಟ್ಟಿದರು. ಎರಡು ನಿಮಿಷದಲ್ಲಿ ಬಾಗಿಲ ಬಳಿ ಒಬ್ಬ ಹುಡುಗ, ಒಬ್ಬ ಹುಡುಗಿ, ಕೈಯಲ್ಲಿ ಔಷಧಿ ಪೆಟ್ಟಿಗೆ.

"ಸಿನ್ಯೋರೆ, ಆರ್ ಯೂ ಓಕೆ?"

"ಐ ಆಮ್ ಫೈನ್, ಥ್ಯಾಂಕ್ ಯೂ. ಹೌ ಆರ್ ಯೂ?" ಅಂದರು ಇವರು, ಹೈಸ್ಕೂಲಿನಲ್ಲಿ ಕಲಿತದ್ದನ್ನು ಒಂದಕ್ಷರ ಬಿಡದೆ.

ಅವರು ಹೋದರು. ಒದ್ದೆ ಬನಿಯನ್ನು ಅಲ್ಲೇ ತೂಗುತ್ತಿದ್ದದ್ದರಿಂದ ಗಂಟೆ ಹೊಡೆಯುತ್ತಲೇ ಇತ್ತು, ಅವರು ಮತ್ತೆ ಬಂದರು. "ಎಷ್ಟು ಕಾಳಜಿ ನೋಡು, ಇದಕ್ಕೇ ಇಷ್ಟು ಬಾಡಿಗೆ" ಎಂದು ಇವರು ಮೆಚ್ಚಿಕೊಂಡರು. ಆ ಹುಡುಗಿ ಏನೂ ಮಾತಾಡದೆ ಒಳಗೆ ಹೋಗಿ, ಬನಿಯನ್ನನ್ನು ಎರಡು ಬೆರಳಲ್ಲಿ ಬಿಚ್ಚಿ, ಗೋಡೆಯ ಒಂದು ಫಲಕವನ್ನು ಒತ್ತಿದಳು. ಬಟ್ಟೆ ಒಣಗಿಸುವ ಬಿಸಿ ಸರಳುಗಳು ಹೊರಬಂದವು. ಅವನ್ನೂ ಅಡಗಿಸಿದ್ದರು.

ಇನ್ನು ಸಂಧ್ಯಾವಂದನೆ. ವಿಮಾನದಲ್ಲಿ ಬಿಟ್ಟರೂ ನೆಲದ ಮೇಲೆ ಬಿಡುವವರಲ್ಲ ಇವರು. ಪಂಚಪಾತ್ರೆ ಉದ್ಧರಣೆ ಹ್ಯಾಂಡ್ ಲಗೇಜಿನಲ್ಲೇ ಬಂದಿದ್ದವು. ಬೆಳಕು ಹರಿಯುವ ಮುಂಚೆ ಎದ್ದು ಸ್ನಾನ ಮಾಡಿ, ಪಂಚೆ ಉಟ್ಟು, ದೀಪದ ಪಟ್ಟಿಯ ಗೊಡವೆ ಬೇಡವೆಂದು ಕತ್ತಲಲ್ಲೇ ಮೇಜಿನ ಮೇಲಿನ ಬಾಟಲಿ ಎತ್ತಿಕೊಂಡು ಬಾಲ್ಕನಿಗೆ ಹೋದರು. ಕೊಲ್ಲಿ ಇರುವುದು ಉತ್ತರಕ್ಕೆ, ಪೂರ್ವಕ್ಕೆ ಲಟ್ಟಾರಿ ಬೆಟ್ಟಗಳ ಸಾಲು. ಅಂದರೆ ಅಲ್ಲಿ ಸೂರ್ಯನನ್ನೂ ಅಡಗಿಸಿಟ್ಟಿದ್ದಾರೆ. ಬಾಲ್ಕನಿಯ ಬಲಮೂಲೆಗೆ ಒತ್ತಿಕೊಂಡು ಕೂತು ಪಂಚಪಾತ್ರೆಗೆ ನೀರು ಬಗ್ಗಿಸಿದರು. ಅದು ಬುಸ್ಸೆಂದು ನೊರೆಯೆದ್ದಿತು.

ಇಟಲಿಯಲ್ಲಿ ನೀರು ಎರಡು ಬಗೆ, ಗ್ಯಾಸ್ ಇಲ್ಲದ್ದು, ಗ್ಯಾಸ್ ಇರುವುದು. ಹೋಟೆಲಿನವರು ಧಾರಾಳಿಗಳು, ಎರಡನ್ನೂ ಒಂದೇ ಥರದ ಬಾಟಲಿಯಲ್ಲಿ ಇಟ್ಟಿದ್ದರು. ಆಸನ ಹಾಕಿ ಕೂತಾಗಿದೆ, ಮಧ್ಯೆ ಏಳುವ ಹಾಗಿಲ್ಲ. ಕೇಶವಾಯ ಸ್ವಾಹಾ ಎಂದು ಒಂದು ಉದ್ಧರಣೆ ಕುಡಿದರು, ನಾರಾಯಣಾಯ ಸ್ವಾಹಾ ಎಂದು ಇನ್ನೊಂದು. ಮಾಧವಾಯ ಎನ್ನುವಾಗ ನಾಭಿಯಿಂದ ಹೊರಟ ತೇಗು ಕಾಪ್ರಿ ದ್ವೀಪದವರೆಗೆ ಕೇಳಿರಬೇಕು. ನಾನು ಹಾಸಿಗೆಯಲ್ಲಿ ಎದ್ದು ಕೂತೆ. ಆಮೇಲೆ ಅರ್ಘ್ಯ. ಎದ್ದು ನಿಂತು, ಬೊಗಸೆಯಲ್ಲಿ ತುಂಬಿ, ಕಟಕಟೆಯಾಚೆ ಬಿಟ್ಟರು.

ಕೆಳಗಿನ ತಾರಸಿಯಲ್ಲಿ ಒಬ್ಬ ಬಿಳಿಯ ಗಡ್ಡದ ವಿದೇಶಿ ಚಾಪೆ ಹಾಸಿಕೊಂಡು ಸೂರ್ಯ ನಮಸ್ಕಾರ ಮಾಡುತ್ತಿದ್ದ. ಸೂರ್ಯನಿಗೆಂದು ಹೊರಟ ಸೋಡಾ ನಮಸ್ಕಾರದ ಬೆನ್ನಿನ ಮೇಲೆ ಇಳಿಯಿತು. ಅವನು ತಲೆಯೆತ್ತಿ ನೋಡಿದ. ಬರಿಮೈ, ಜನಿವಾರ, ವಿಭೂತಿ, ಮುಗಿದ ಕೈ. ಯೋಗ ಕಲಿತದ್ದು ಇವತ್ತು ಸಾರ್ಥಕವಾಯಿತು ಎಂಬ ಮುಖ ಮಾಡಿ ಅವನೂ ಕೈ ಮುಗಿದ. ಮರುದಿನದಿಂದ ಅದೇ ಹೊತ್ತಿಗೆ ಚಾಪೆಯನ್ನು ಸರಿಯಾಗಿ ನಮ್ಮ ಬಾಲ್ಕನಿಯ ಕೆಳಗೇ ಹಾಸತೊಡಗಿದ. ಭಕ್ತನನ್ನು ನಿರಾಸೆ ಮಾಡಬಾರದೆಂದು ಇವರು ಗ್ಯಾಸಿನ ನೀರನ್ನೇ ಮುಂದುವರಿಸಿದರೋ ಏನೋ, ನಾನು ಕೇಳಲಿಲ್ಲ.

ವೆಸೂವಿಯಸ್ಸಿನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಅದಕ್ಕೆ ಬೇರೆ ದುಡ್ಡು ಕೊಟ್ಟಿದ್ದೆವು. ಕೊಲ್ಲಿಯಾಚೆ 1281 ಮೀಟರ್ ಎತ್ತರ ನಿಂತಿರುವ ಜ್ವಾಲಾಮುಖಿ. ಕ್ರಿ.ಶ. 79ರಲ್ಲಿ ಪಾಂಪೇಯನ್ನೂ ಹರ್ಕ್ಯುಲೇನಿಯಮ್ಮನ್ನೂ ಹೂತುಹಾಕಿದ್ದು ಅದೇ. ಕೊಲ್ಲಿಯ ಇನ್ನೊಂದು ತುದಿಯ ಮಿಸೇನಮ್‌ನಲ್ಲಿ ನಿಂತು ನೋಡಿದ ಹದಿನೇಳರ ಹುಡುಗ ಪ್ಲಿನಿ, ಹೊಗೆ ಪೈನ್ ಮರದ ಆಕಾರದಲ್ಲಿ ಎದ್ದಿತೆಂದು ಮುಂದೆ ಪತ್ರದಲ್ಲಿ ಬರೆದಿಟ್ಟಿದ್ದಾನೆ. ಕೊನೆಯ ಸಲ ಉಗುಳಿದ್ದು 1944ರ ಮಾರ್ಚಿನಲ್ಲಿ, ಮಹಾಯುದ್ಧದ ನಡುವೆ. ಇಷ್ಟೆಲ್ಲ ಮಾಡಿದ ಬೆಟ್ಟ ನಮ್ಮ ಪಾಲಿಗೆ ಮೋಡ ಹೊದ್ದು ಮಲಗಿತ್ತು. ಕಿಟಕಿಯ ತುಂಬ ಬಿಳಿ ಮಂಜು. ಇವರು ರಿಸೆಪ್ಷನ್ನಿಗೆ ಹೋಗಿ, ವ್ಯೂ ಯಾವಾಗ ಬರುತ್ತದೆ ಎಂದು ಕೇಳಿದರು, ಕರೆಂಟು ಹೋದಾಗ ಜನ ಇವರನ್ನು ಕೇಳುತ್ತಿದ್ದ ಅದೇ ದನಿಯಲ್ಲಿ. ಅಲ್ಲಿದ್ದ ಹಿರಿಯ, "ಅದು ಎಲ್ಲಿಗೂ ಹೋಗಿಲ್ಲ ಸಿನ್ಯೋರೆ, ಅಲ್ಲೇ ಇದೆ" ಎಂದನಂತೆ. ಇವರಿಗೆ ಆ ಉತ್ತರ ಬಹಳ ಹಿಡಿಸಿತು. ಸರ್ವಿಸ್‌ನಲ್ಲಿದ್ದಾಗ ತನಗೆ ಹೊಳೆಯಲಿಲ್ಲವಲ್ಲ ಎಂದು ಪೇಚಾಡಿಕೊಂಡರು.

ಸಂಜೆ ಊರೊಳಗೆ ತಿರುಗಾಡಲು ಹೋದಾಗ ಸಂತ ಫ್ರಾನ್ಸಿಸ್ಸನ ಮಠದ ಪಕ್ಕದ ಸಾರ್ವಜನಿಕ ಉದ್ಯಾನಕ್ಕೆ ಹೊಕ್ಕೆವು. ಅಷ್ಟು ಹೊತ್ತಿಗೆ ಮಂಜು ಕರಗಿ ಬೆಟ್ಟ, ಕೊಲ್ಲಿ, ಕಾಪ್ರಿಯಿಂದ ಬರುವ ಹಡಗು ಎಲ್ಲ ತೆರೆದುಕೊಂಡಿತ್ತು. ಬೆಂಚಿನ ಮೇಲೆ ಕೂತಿದ್ದ ಊರಿನ ಅಜ್ಜಿಯರು ಅದಕ್ಕೆ ಬೆನ್ನು ಹಾಕಿ ಹರಟೆ ಹೊಡೆಯುತ್ತಿದ್ದರು. ಪ್ರವೇಶ ಉಚಿತ. ಇವರು ಕಟಕಟೆಗೆ ಒರಗಿ ಒಂದೂವರೆ ಗಂಟೆ ನೋಡಿದರು. "ಬಾಡಿಗೆ ವಸೂಲಾಯ್ತು" ಅಂದರು. ಬಾಡಿಗೆ ಕೊಟ್ಟದ್ದು ಬೇರೆಯವರಿಗೆ, ವಸೂಲಾದದ್ದು ಬೇರೆ ಕಡೆ. ಲೆಕ್ಕ ಹೇಗೆ ಕೂಡಿಸಿದರೋ ಆಡಿಟರೇ ಹೇಳಬೇಕು.

ಊಟದಲ್ಲಿ ನನಗೆ ಆದ ಭಾಗ್ಯ ಜನ್ಮದಲ್ಲಿ ಮತ್ತೆ ಬರಲಿಕ್ಕಿಲ್ಲ. ಕೆಲವು ದೊಡ್ಡ ರೆಸ್ಟೋರೆಂಟುಗಳಲ್ಲಿ ಹಳೆಯ ಕಾಲದ ಪದ್ಧತಿಯೊಂದು ಉಳಿದಿದೆ: ಗಂಡಸಿನ ಮೆನುವಿನಲ್ಲಿ ಬೆಲೆ ಇರುತ್ತದೆ, ಹೆಂಗಸಿನ ಮೆನುವಿನಲ್ಲಿ ಇರುವುದಿಲ್ಲ. ಹೆಣ್ಣುಮಕ್ಕಳಿಗೆ ಇದಕ್ಕಿಂತ ದೊಡ್ಡ ಅವಮಾನ ಉಂಟೇ ಎಂದು ಮಗಳು ಆಮೇಲೆ ಫೋನಿನಲ್ಲಿ ಕೆಂಡಕಾರಿದಳು. ಅವಳು ಹೇಳುವುದು ಸರಿಯೇ. ಆದರೆ ಆ ಹೊತ್ತಿನಲ್ಲಿ ನನಗೆ ಅವಮಾನ ಆಗಲು ಪುರುಸೊತ್ತಿರಲಿಲ್ಲ. ಆಲೂಗಡ್ಡೆಯ ಪುಟ್ಟ ಉಂಡೆಗಳಿಗೆ ಟೊಮೆಟೊ, ಮೊಟ್ಸರೆಲ್ಲಾ, ತುಳಸಿಯ ಜಾತಿಯ ಸೊಪ್ಪು ಹಾಕಿ ಬೇಯಿಸಿದ ನ್ಯೋಕ್ಕಿ ಅಲ್ಲಾ ಸೊರೆಂಟಿನಾ ಹೇಳಿದೆ. ಹುರಿದ ಬದನೆಕಾಯಿ ಹೇಳಿದೆ. ಅದೇನೋ ನೋಡೋಣ ಎಂದು ಇನ್ನೆರಡು ಹೇಳಿದೆ. ನಾನು ಒಂದೊಂದು ಹೆಸರು ಓದಿದಾಗಲೂ ಎದುರಿಗೆ ಒಂದು ಮುಖ ಬಲಗಡೆಯ ಅಂಕಿ ಹುಡುಕಿಕೊಂಡು ಇಳಿಯುತ್ತಿತ್ತು. "ನಿಮಗೇನು ಬೇಕ್ರೀ?" ಎಂದೆ. "ನನಗೆ ಹಸಿವಿಲ್ಲ" ಅಂದರು. ಹಸಿವಿಲ್ಲದವರು ಪುಕ್ಕಟೆಯೆಂದು ತಿಂದ ಬ್ರೆಡ್ಡಿಗೂ ಬಿಲ್ಲಿನಲ್ಲಿ ತಲಾ ಇಷ್ಟು ಎಂದು ಕೊಪೆರ್ತೊ ಎಂಬ ಶುಲ್ಕ ಬಂದಿತ್ತು, ಅದನ್ನೂ ಮೆನುವಿನ ಕೊನೆಯಲ್ಲಿ ಇರುವೆ ಅಕ್ಷರದಲ್ಲಿ ಬಚ್ಚಿಟ್ಟಿದ್ದರು.

ಬಂದ ದಿನವೇ ರಿಸೆಪ್ಷನ್ನಿನಲ್ಲಿ ಸಣ್ಣ ಗ್ಲಾಸುಗಳಲ್ಲಿ ತಣ್ಣನೆಯ ಹಳದಿ ಲಿಮೊನ್ಚೆಲ್ಲೊ ತಂದಿಟ್ಟಿದ್ದರು. ಇವರು ಮೂಸಿ ನೋಡಿ, "ಇದರಲ್ಲಿ ಆಲ್ಕೊಹಾಲ್ ಇದೆ" ಎಂದು ಕಂಡುಹಿಡಿದು, ಎಪ್ಪತ್ತು ವರ್ಷ ಒಂದು ತೊಟ್ಟೂ ಮುಟ್ಟಿಲ್ಲವೆಂದು ಆ ಹುಡುಗನಿಗೆ ಇಂಗ್ಲಿಷಿನಲ್ಲಿ ಸಣ್ಣ ಉಪನ್ಯಾಸ ಮಾಡಿದ್ದರು. ಬೆಳಗಿನ ತಿಂಡಿಗೆ ಕೂತಾಗ ಮಾತ್ರ ಇವರ ಕಣ್ಣು ಬಿದ್ದದ್ದು ಅಣಬೆಯಾಕಾರದ, ಪಾಕದಲ್ಲಿ ನೆನೆದು ಉಬ್ಬಿದ ಒಂದು ತಿನಿಸಿನ ಮೇಲೆ. ಬಬಾ ಎಂದು ಅದರ ಹೆಸರು. ಪೋಲೆಂಡಿನ ಕಡೆಯ ತಿನಿಸು, ಫ್ರೆಂಚ್ ಅಡುಗೆಯವರ ಕೈದಾಟಿ ನೇಪಲ್ಸಿಗೆ ಬಂದು, ಈಗ ನೇಪಲ್ಸಿನದೇ ಆಗಿಬಿಟ್ಟಿದೆ. "ಇದು ಜಾಮೂನಿನ ಅಣ್ಣ ಕಣೇ" ಎಂದು ಇವರು ಎರಡು ತಿಂದರು. ಕೇಕಿನೊಳಗಿನ ಮೊಟ್ಟೆ ಇವರ ಶಾಸ್ತ್ರದಲ್ಲಿ ಮೊಟ್ಟೆಯಲ್ಲ. ಮಾರನೆಯ ದಿನ ನಾಲ್ಕು ತಿಂದರು. "ಇಲ್ಲಿನ ಹವೆಯೇ ಹಾಗೆ, ತಿಂಡಿ ಆದ ಮೇಲೆ ಮನಸ್ಸಿಗೆ ಏನೋ ಒಂದು ಉಲ್ಲಾಸ" ಎಂದು ತಾರಸಿಗೆ ಹೋಗಿ, ಸೋಡಾ ಭಕ್ತನ ಭುಜಕ್ಕೆ ಕೈ ಹಾಕಿ 'ಭಾಗ್ಯದ ಲಕ್ಷ್ಮೀ ಬಾರಮ್ಮಾ' ಹೇಳಿಕೊಟ್ಟರು.

ಅಡುಗೆಯಲ್ಲಿ ನನಗೆ ಆಸಕ್ತಿ. ತಿಂಡಿ ಬಡಿಸುವ ಹೆಂಗಸನ್ನು ಅದು ಹೇಗೆ ಮಾಡುವುದೆಂದು ಕೇಳಿದೆ. ಅವಳು ಬೆರಳು ಮಡಿಚುತ್ತ ಹಿಟ್ಟು, ಮೊಟ್ಟೆ, ಬೆಣ್ಣೆ, ಸಕ್ಕರೆ ಎಂದು ಎಣಿಸಿ, ಕೊನೆಯ ಬೆರಳಿಗೆ "ರಮ್" ಎಂದಳು. ಸ್ವಲ್ಪವೇ ಎಂದು ಚಿಟಿಕೆ ತೋರಿಸಿದೆ. ಅವಳು ನಕ್ಕು ಎರಡೂ ಕೈ ಅಗಲಿಸಿದಳು. ಬೆಂದ ಮೇಲೆ ಪಾಕದ ಜೊತೆ ಸುರಿಯುವುದರಿಂದ ಆರಿಹೋಗುವ ಪ್ರಶ್ನೆಯೂ ಇಲ್ಲ. ಆ ಹೋಟೆಲಿನಲ್ಲಿ ಇಷ್ಟೊಂದು ಅಡಗಿಸಿಟ್ಟಿರುವಾಗ ನಾನೂ ಒಂದನ್ನು ಅಡಗಿಸಿದರೆ ಏನಾಯಿತು ಎಂದು ಸುಮ್ಮನಾದೆ. ಶನಿವಾರ ಬಂದ ಮಗಳಿಗೆ ಮಾತ್ರ ಹೇಳಿದೆ. ಅವಳು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ನಕ್ಕಳು.

ಮೊನ್ನೆ ಮೈದುನನ ಮನೆಯ ಗೃಹಪ್ರವೇಶಕ್ಕೆ ಇವರು ಅಡುಗೆ ಭಟ್ಟರಿಗೆ ಫೋನಿನಲ್ಲಿ ಫೋಟೊ ತೋರಿಸಿ, ಇಟಲಿಯ ಸ್ವೀಟು, ಮಠದವರೆಲ್ಲ ಬರ್ತಾರೆ, ಮಾಡಲೇಬೇಕು ಎಂದು ಹಟ ಹಿಡಿದರು. ಭಟ್ಟರು ನನ್ನ ಹತ್ತಿರ ಬಂದು, "ಪಾಕಕ್ಕೆ ಏನು ಬಿಡ್ತಾರಮ್ಮಾ?" ಎಂದು ಕೇಳಿದರು. ನಿಂಬೆಹಣ್ಣು, ಒಂದೆರಡು ಏಲಕ್ಕಿ ಅಂದೆ. ಪಂಕ್ತಿಯಲ್ಲಿ ಎಲ್ಲರೂ ಚಪ್ಪರಿಸಿದರು. ಇವರೊಬ್ಬರೇ ಎರಡನೆಯದನ್ನು ಅರ್ಧಕ್ಕೆ ನಿಲ್ಲಿಸಿ, "ಭಟ್ರೇ, ಕೈಗುಣ ಚೆನ್ನಾಗಿದೆ. ಆದರೆ ಇಟಲಿಯವರು ಇನ್ನೇನೋ ಒಂದು ಹಾಕ್ತಾರೆ, ಅದು ನಮ್ಮವರಿಗೆ ಬರೋದಿಲ್ಲ" ಎಂದರು.