ಕೋಟೆ ನೋಡಿ ಹಾಗೇ ಹೊರಟುಬಿಡಬೇಡಿ, ಅಷ್ಟೂರಿಗೂ ಬನ್ನಿ

ಹೋದ ತಿಂಗಳು ಬೆಂಗಳೂರಿನಿಂದ ನಮ್ಮ ಚಿಕ್ಕಮ್ಮನ ಮಕ್ಕಳು ಬೀದರಿಗೆ ಬಂದಿದ್ದರು. ಬೆಳಿಗ್ಗೆ ಕೋಟೆ, ಮಧ್ಯಾಹ್ನ ಊಟ, ಸಂಜೆಗೆ ಹೈದರಾಬಾದ್. ಇಷ್ಟೇ ಅವರ ಪ್ಲಾನ್. ನನಗೆ ತುಂಬಾ ಬೇಜಾರಾಯಿತು, ಯಾಕೆಂದರೆ ನಮ್ಮೂರಿಗೆ ಬರುವವರು ಜಾಸ್ತಿ ಮಾಡುವುದು ಇದನ್ನೇ.

ಕೋಟೆ ನೋಡಬೇಡಿ ಅಂತಲ್ಲ. ಬಂಡೆಯನ್ನೇ ಕಡಿದು ಮಾಡಿದ ಮೂರು ಸಾಲಿನ ಕಂದಕ, ರಂಗೀನ್ ಮಹಲಿನಲ್ಲಿ ಕರಿಕಲ್ಲಿನೊಳಗೆ ಕೂರಿಸಿದ ಮುತ್ತಿನ ಚಿಪ್ಪು, ಇವುಗಳ ಮುಂದೆ ಎಷ್ಟು ಹೊತ್ತು ನಿಂತರೂ ಸಾಲದು. ಆದರೆ ಕೋಟೆಯಲ್ಲಿ ಇವತ್ತು ರಾಜನೂ ಇಲ್ಲ, ಜನರೂ ಇಲ್ಲ. ಜನ ಇರುವುದು ಊರಾಚೆ ಹೊಲಗಳ ನಡುವೆ, ಬಹಮನಿ ಸುಲ್ತಾನರ ಗೋರಿಗಳಿರುವ ಅಷ್ಟೂರಿನಲ್ಲಿ.

ಹಟ ಮಾಡಿ ಅಲ್ಲಿಗೆ ಕರೆದುಕೊಂಡು ಹೋದೆ. ಸುಲ್ತಾನ ಅಹ್ಮದ್ ಶಾ ವಲಿಯ ಗುಮ್ಮಟದೊಳಗೆ ಕಾಲಿಟ್ಟರೆ ಬರೀ ಕತ್ತಲೆ. ಅಲ್ಲಿನ ಅಜ್ಜ ಬಾಗಿಲ ಹತ್ತಿರ ಕನ್ನಡಿ ಹಿಡಿದು ಬಿಸಿಲನ್ನು ಒಳಗೆ ತಿರುಗಿಸಿದರು. ಗೋಡೆಯ ಮೇಲೆ ಬಂಗಾರದ ಅಕ್ಷರ, ಕೆಂಪು ನೀಲಿ ಬಳ್ಳಿಗಳು ಒಂದೊಂದೇ ಕಾಣಿಸಿಕೊಂಡವು. ಆರುನೂರು ವರ್ಷದ ಹತ್ತಿರದ ಬಣ್ಣ ಅದು! ನನ್ನ ತಂಗಿ ಇದು ಯಾರ ಗೋರಿ ಅಂತ ಕೇಳಿದಳು. "ಮುಸ್ಲಿಮರು ವಲಿ, ಅಂದ್ರ ಸಂತ, ಅಂತಾರ ತಂಗಿ, ನಮ್ಮ ಮಂದಿ ಅಲ್ಲಮಪ್ರಭು ಅಂತಾರ. ಜಾತ್ರಿಗೆ ಬಾ, ಗೊತ್ತಾಗ್ತದ" ಅಂದರು ಅಜ್ಜ.

ನಿಜ. ಮುಸ್ಲಿಂ ಸುಲ್ತಾನನ ಉರುಸು ಇಲ್ಲಿ ಹಿಂದೂ ಪಂಚಾಂಗದ ಪ್ರಕಾರ ನಡೆಯುತ್ತದೆ, ಹೋಳಿ ಆದ ಮೇಲೆ. ಅದನ್ನು ನಡೆಸಿಕೊಡಲು ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಬರುತ್ತಾರೆ. ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದವನೇ ಈ ಅಹ್ಮದ್ ಶಾ. ಅವನು ಬಂದ ದಿಕ್ಕಿನಿಂದಲೇ ಜಂಗಮರೂ ಬರುತ್ತಾರೆ ಅನ್ನೋದು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಅಲ್ಲೇ ಸಿಡಿಲು ಬಡಿದು ಸೀಳಿಹೋದ ಇನ್ನೊಂದು ಗುಮ್ಮಟ ಇದೆ. ಹುಮಾಯೂನ್ ಶಾನದು, 1458ರಿಂದ 1461ರವರೆಗೆ ಆಳಿದವನು. ಜನ ಅವನನ್ನು ಜಾಲಿಮ್, ಅಂದರೆ ಕ್ರೂರಿ, ಅಂತಲೇ ಕರೆಯುತ್ತಾರೆ. ಸಾಧುವಿನಂತೆ ಬದುಕಿದವನಿಗೆ ಜಾತ್ರೆ, ಕ್ರೂರಿಗೆ ಸಿಡಿಲು. ಊರಿನವರು ಹೇಳುವ ಕಥೆ ಇದು, ಯಾವ ಬೋರ್ಡಿನಲ್ಲೂ ಸಿಗುವುದಿಲ್ಲ. ಅದಕ್ಕೇ ಹೇಳೋದು, ಗೇಟಿನಲ್ಲಿ ಕೂತ ಅಜ್ಜನ ಜೊತೆ, ಕುರಿ ಮೇಯಿಸುವವರ ಜೊತೆ ಹತ್ತು ನಿಮಿಷ ಮಾತಾಡಿ. ಸುಮ್ನೆ ಸೆಲ್ಫಿ ತೆಗೆದುಕೊಂಡು ಓಡಬೇಡಿ. ಗೋಡೆ ಮೇಲೆ ಹೆಸರು ಕೆತ್ತುವವರನ್ನು ಕಂಡರೆ ದಯವಿಟ್ಟು ತಡೆಯಿರಿ. ಒಂದು ಸಲ ಹೋದ ಬಣ್ಣ ಮತ್ತೆ ಬರಲ್ಲ, ಅಲ್ವಾ?

ವಾಪಸ್ ಬರುವಾಗ, ಬಹಮನಿಗಳ ನಂತರ ಬೀದರ್ ಆಳಿದ ಅಲಿ ಬರೀದ್‌ನ ಗೋರಿಯ ತೋಟದಲ್ಲಿ ಸ್ವಲ್ಪ ಕೂತೆವು. ನಾಲ್ಕೂ ಕಡೆ ಗೋಡೆ ಇಲ್ಲದ ಗುಮ್ಮಟ, ಒಳಗೆಲ್ಲ ಗಾಳಿ. ಯಾರೂ ಟೈಮ್ ನೋಡಲಿಲ್ಲ. ಹೈದರಾಬಾದಿಗೆ ಅವರು ಹೊರಟಿದ್ದು ಮರುದಿನ.

ಅಷ್ಟೂರಿಗೆ ಹೋಗುವವರು ಬಿಸಿಲು ಚೆನ್ನಾಗಿರುವಾಗಲೇ ಹೋಗಿ. ಮೋಡ ಇದ್ದರೆ ಕನ್ನಡಿಗೆ ಬೆಳಕು ಸಿಗುವುದಿಲ್ಲ.