ಜಾಂಬ್ರಾನೊ ಕೋಪಕ್ಕೆ ದಂಡ ತೆತ್ತವರು

ಕಾರ್ಲೊಸ್ ಜಾಂಬ್ರಾನೊ ಹೆಸರು ಬಂದರೆ ಬೇಸ್‌ಬಾಲ್ ನೋಡುವವರು ಮೊದಲು ನೆನೆಯುವುದು ಆತ ಬ್ಯಾಟ್ ಹಿಡಿದು ಗೇಟರೇಡ್ ಪಾನೀಯದ ಯಂತ್ರವನ್ನು ಚಚ್ಚಿದ ದೃಶ್ಯವನ್ನು. 2009ರ ಮೇ ತಿಂಗಳಲ್ಲಿ ಅಂಪೈರ್ ಜೊತೆ ಜಗಳವಾಡಿ, ಮೈದಾನದಿಂದ ಹೊರಹಾಕಿಸಿಕೊಂಡು, ಆಟಗಾರರು ಕೂರುವ ಡಗೌಟ್‌ಗೆ ಬಂದು ಮಾಡಿದ ಕೆಲಸ ಅದು. ಆರು ಪಂದ್ಯಗಳ ನಿಷೇಧವೂ ಆಯಿತು. ಯಂತ್ರಕ್ಕೆ ನೋವಾಗುವುದಿಲ್ಲ, ಆ ದೃಶ್ಯ ನೋಡಿ ನಗುವವರು ನಗಲಿ. ನನಗೆ ಸಿಟ್ಟು ಬರುವುದು ಇನ್ನೊಂದು ವಿಷಯಕ್ಕೆ. ಈ ಮನುಷ್ಯನ ಕೋಪ ಮತ್ತೆ ಮತ್ತೆ ಎರಗಿದ್ದು ತನ್ನದೇ ತಂಡದವರ ಮೇಲೆ. ಅದನ್ನು ಅಭಿಮಾನಿಗಳು ಗೆಲ್ಲುವ ಛಲ ಎಂದು ಕೊಂಡಾಡಿದರು. ಅವನ ತಂಡವಾದ ಶಿಕಾಗೊ ಕಬ್ಸ್‌ನ ಆಡಳಿತ ಅದನ್ನು ಹಣ ಸುರಿದು ಬೆಳೆಸಿತು.

ಆತನ ಪ್ರತಿಭೆಯ ಬಗ್ಗೆ ಎರಡು ಮಾತಿಲ್ಲ. ವೆನೆಜುವೆಲಾದಿಂದ ಬಂದ ಈ ಪಿಚರ್, ಅಂದರೆ ಚೆಂಡೆಸೆಯುವವನು, ಮೂರು ಸಲ ಆ ವರ್ಷದ ಶ್ರೇಷ್ಠರ ಆಲ್‌ಸ್ಟಾರ್ ತಂಡಕ್ಕೆ ಆಯ್ಕೆಯಾದವನು. ಪಿಚರ್‌ಗಳಿಗೆ ಸಾಮಾನ್ಯವಾಗಿ ಬ್ಯಾಟ್ ಒಲಿಯುವುದಿಲ್ಲ, ಈತ ಮಾತ್ರ ಚೆಂಡನ್ನು ಮೈದಾನದಾಚೆ ಅಟ್ಟುವ ಹೋಮ್ ರನ್‌ಗಳನ್ನು 24 ಸಲ ಹೊಡೆದ. 2008ರ ಸೆಪ್ಟೆಂಬರ್ 14ರಂದು, ಐಕ್ ಚಂಡಮಾರುತದಿಂದಾಗಿ ಹೂಸ್ಟನ್‌ನಿಂದ ಮಿಲ್ವಾಕಿಗೆ ಸ್ಥಳಾಂತರಗೊಂಡ ಪಂದ್ಯದಲ್ಲಿ, ಎದುರಾಳಿಗಳಿಗೆ ಬೇಸ್ ಮುಟ್ಟಿಸುವ ಒಂದೇ ಒಂದು ಹೊಡೆತವನ್ನೂ (ಹಿಟ್) ಬಿಟ್ಟುಕೊಡದೆ ಒಂಬತ್ತು ಇನಿಂಗ್ಸ್, ಅಂದರೆ ಇಡೀ ಪಂದ್ಯ ಮುಗಿಸಿದ. ಕಬ್ಸ್ ಪಿಚರ್ ಒಬ್ಬ ಅಂಥ ಸಾಧನೆ ಮಾಡಿ 36 ವರ್ಷವಾಗಿತ್ತು. ಆ ದಿನದ ಎಸೆತಗಳನ್ನು ನೋಡಿದವರಿಗೆ ಉಳಿದ ಕಥೆ ಇನ್ನಷ್ಟು ನೋವು ಕೊಡುತ್ತದೆ.

ಕಬ್ಸ್ ಕ್ಯಾಚರ್ ಮೈಕೆಲ್ ಬ್ಯಾರೆಟ್ ವಿಷಯಕ್ಕೆ ಬರುತ್ತೇನೆ. ನನಗೆ ಇಂದಿಗೂ ನುಂಗಲಾಗದ ಪ್ರಕರಣ ಇದು. ಕ್ಯಾಚರ್ ಅಂದರೆ ಪಿಚರ್‌ನ ಎದುರು ಮಂಡಿ ಮಡಚಿ ಕುಳಿತು, ಯಾವ ಎಸೆತ ಹಾಕಬೇಕೆಂದು ಬೆರಳಿನಿಂದ ಸನ್ನೆ ಮಾಡುತ್ತ, ದಾರಿ ತಪ್ಪಿದ ಚೆಂಡಿಗೆ ಮೈಯೊಡ್ಡುವವನು. ತಂಡದಲ್ಲಿ ಪಿಚರ್‌ಗೆ ಅವನಷ್ಟು ಹತ್ತಿರದವರು ಬೇರೆ ಇಲ್ಲ. 2007ರ ಜೂನ್ 1ರಂದು, ಅಂದರೆ ಜಾಂಬ್ರಾನೊಗೆ 26 ತುಂಬಿದ ದಿನವೇ, ಅಟ್ಲಾಂಟಾ ವಿರುದ್ಧದ ಪಂದ್ಯದಲ್ಲಿ ಬ್ಯಾರೆಟ್ ಒಂದು ಚೆಂಡನ್ನು ಹಿಡಿಯದೆ ಬಿಟ್ಟ, ಮೇಲೆ ಗುರಿ ತಪ್ಪಿ ಎಸೆದ. ಇನಿಂಗ್ಸ್ ಮುಗಿಯುತ್ತಿದ್ದಂತೆ ಡಗೌಟ್‌ನಲ್ಲಿ ಕ್ಯಾಮೆರಾಗಳ ಎದುರೇ ಇಬ್ಬರೂ ಕೈಕೈ ಮಿಲಾಯಿಸಿದರು. ಜಗಳ ಡ್ರೆಸ್ಸಿಂಗ್ ಕೋಣೆಯಲ್ಲೂ ಮುಂದುವರಿಯಿತು. ಕೊನೆಗೆ ಬ್ಯಾರೆಟ್ ಆಸ್ಪತ್ರೆಗೆ ಹೋಗಿ ತುಟಿಗೆ ಹೊಲಿಗೆ ಹಾಕಿಸಿಕೊಂಡ.

ಜಾಂಬ್ರಾನೊ ಆಮೇಲೆ ಕ್ಷಮೆ ಕೇಳಿದ, ನಿಜ. ಆದರೆ ಆಡಳಿತ ಏನು ಮಾಡಿತು ನೋಡಿ. ಜೂನ್ 20ರಂದು ಬ್ಯಾರೆಟ್‌ನನ್ನು ಸ್ಯಾನ್ ಡಿಯಾಗೊ ತಂಡಕ್ಕೆ ಸಾಗಹಾಕಿತು. ಆಗಸ್ಟ್‌ನಲ್ಲಿ ಜಾಂಬ್ರಾನೊ ಜೊತೆ ಐದು ವರ್ಷಕ್ಕೆ 9.15 ಕೋಟಿ ಡಾಲರ್‌ಗಳ ಹೊಸ ಒಪ್ಪಂದ ಮಾಡಿಕೊಂಡಿತು. ಆ ವರ್ಷ ಬ್ಯಾರೆಟ್ ಆಟದಲ್ಲಿ ಎಡವುತ್ತಿದ್ದದ್ದು ಸುಳ್ಳಲ್ಲ, ಅವನನ್ನು ಕಳಿಸಲು ಅದೂ ಒಂದು ಕಾರಣವಿದ್ದೀತು. ಆದರೂ ಡ್ರೆಸ್ಸಿಂಗ್ ಕೋಣೆಯಲ್ಲಿ ಕುಳಿತಿದ್ದ ಉಳಿದ ಆಟಗಾರರ ಕಣ್ಣಿಗೆ ಕಂಡದ್ದು ಇಷ್ಟೇ: ಹೊಲಿಗೆ ಹಾಕಿಸಿಕೊಂಡವನು ಊರು ಬಿಟ್ಟ, ಹೊಡೆದವನಿಗೆ ಕೋಟಿಗಟ್ಟಲೆ ಹಣ ಸಿಕ್ಕಿತು. ಇದನ್ನು ಕಂಡ ಮೇಲೆ ಜಾಂಬ್ರಾನೊಗೆ ಎದುರಾಡುವ ಧೈರ್ಯ ಯಾರಿಗೆ ಬಂದೀತು? ತಾನು ಬದಲಾಗಬೇಕೆಂದು ಅವನಿಗಾದರೂ ಏಕೆ ಅನ್ನಿಸೀತು?

2010ರ ಜೂನ್‌ನಲ್ಲಿ ಅದೇ ಊರಿನ ವೈಟ್ ಸಾಕ್ಸ್ ತಂಡದ ವಿರುದ್ಧ ಮೊದಲ ಇನಿಂಗ್ಸ್‌ನಲ್ಲೇ ನಾಲ್ಕು ರನ್ ಕೊಟ್ಟು ಬಂದು, ಫೀಲ್ಡರ್‌ಗಳ ಮೇಲೆ ಕೂಗಾಡಿದ. ಎದುರು ನಿಂತವನು ಡೆರೆಕ್ ಲೀ. ಶ್ರೇಷ್ಠ ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲವ್ ಪ್ರಶಸ್ತಿಯನ್ನು ಮೂರು ಸಲ ಪಡೆದ ಫೀಲ್ಡರ್, ಸೌಮ್ಯ ಸ್ವಭಾವದ ಹಿರಿಯ ಆಟಗಾರ. ಅಂಥವನನ್ನೂ ರೇಗಿಸಿದ. ಮ್ಯಾನೇಜರ್ ಲೂ ಪಿನೆಲಾ ಅವನನ್ನು ಮನೆಗೆ ಕಳುಹಿಸಿದರು. ಅಮಾನತು, ಕೋಪ ನಿಯಂತ್ರಣದ ಚಿಕಿತ್ಸೆ ಎಲ್ಲ ನಡೆಯಿತು.

ಹುಟ್ಟುಗುಣ ಸುಟ್ಟರೂ ಹೋಗದು ಎಂದು ಆತನ ಪರ ವಾದಿಸುವವರು ಅದರ ನಂತರದ್ದನ್ನು ಓದಬೇಕು. ಆ ಋತುವಿನಲ್ಲಿ ಆತ ಆರಂಭಿಕ ಪಿಚರ್ ಆಗಿ ಇಳಿದ ಕೊನೆಯ 11 ಪಂದ್ಯಗಳಲ್ಲಿ ಎಂಟು ಗೆಲುವು, ಒಂದೂ ಸೋಲಿಲ್ಲ, ಎದುರಾಳಿಗಳಿಗೆ ಬಿಟ್ಟುಕೊಟ್ಟದ್ದು ಒಂಬತ್ತು ಇನಿಂಗ್ಸ್‌ಗೆ ಸರಾಸರಿ ಬರೀ 1.41 ರನ್. ಕೋಪವಿಲ್ಲದಿದ್ದರೆ ಅವನ ಎಸೆತದಲ್ಲಿ ಬಿರುಸೇ ಇರುವುದಿಲ್ಲ ಎನ್ನುತ್ತಿದ್ದವರಿಗೆ ಈ ಅಂಕಿಗಳಿಗಿಂತ ಬೇರೆ ಉತ್ತರ ಬೇಕಿಲ್ಲ. ತಡೆದುಕೊಳ್ಳಬೇಕೆಂದುಕೊಂಡಾಗ ಆತ ತಡೆದುಕೊಂಡ, ಆಟವೂ ಚೆನ್ನಾಗಿಯೇ ಆಯಿತು. ಅವನನ್ನು ಕ್ಷಮಿಸಲು ನನಗೆ ಕಷ್ಟವಾಗುವುದು ಇದೇ ಕಾರಣಕ್ಕೆ.

ಏಕೆಂದರೆ ಮರುವರ್ಷ ಮತ್ತೆ ಅದೇ ವರಸೆ. 2011ರ ಜೂನ್‌ನಲ್ಲಿ ಸೇಂಟ್ ಲೂಯಿಸ್‌ನಲ್ಲಿ ಸೋತ ಮೇಲೆ ಪತ್ರಕರ್ತರ ಮುಂದೆಯೇ ತಂಡವನ್ನು ಹೀಗಳೆದು, ಕ್ಲೋಸರ್ (ಪಂದ್ಯದ ಕೊನೆಗೆ ಎಸೆಯುವ ಪಿಚರ್) ಕಾರ್ಲೊಸ್ ಮಾರ್ಮೊಲ್ ಹಾಕಿದ ಎಸೆತವೇ ತಪ್ಪೆಂದ. ಆಗಸ್ಟ್ 12ರಂದು ಅಟ್ಲಾಂಟಾದಲ್ಲಿ ಐದು ಹೋಮ್ ರನ್ ಹೊಡೆಸಿಕೊಂಡ. ಆಮೇಲೆ ಎದುರಾಳಿ ಬ್ಯಾಟರ್ ಚಿಪರ್ ಜೋನ್ಸ್ ಮೈಮೇಲೆ ಹೋಗುವಂತೆ ಚೆಂಡೆಸೆದು ಹೊರಹಾಕಿಸಿಕೊಂಡ. ಡ್ರೆಸ್ಸಿಂಗ್ ಕೋಣೆಗೆ ಹೋದವನೇ ಲಾಕರ್ ಖಾಲಿ ಮಾಡಿ, ನಿವೃತ್ತನಾಗುತ್ತಿದ್ದೇನೆ ಎಂದು ಹೇಳಿ ನಡೆದುಬಿಟ್ಟ. ಪಂದ್ಯ ಇನ್ನೂ ಮುಗಿದಿರಲಿಲ್ಲ! ಅವನು ಬಿಟ್ಟುಹೋದ ಇನಿಂಗ್ಸ್‌ಗಳನ್ನು ಬೇರೆ ಪಿಚರ್‌ಗಳು ತೋಳು ದಣಿಸಿಕೊಂಡು ಎಸೆಯಬೇಕಾಯಿತು. 25 ಜನರ ತಂಡದಲ್ಲಿ ಉಳಿದ 24 ಮಂದಿಯನ್ನು ಆತ ನಡುನೀರಿನಲ್ಲಿ ಕೈಬಿಟ್ಟಿದ್ದ. ಸೋಲಿಗೆ ನೊಂದುಕೊಳ್ಳುವವನು ಸೋಲುತ್ತಿರುವ ತನ್ನವರನ್ನು ಬಿಟ್ಟು ಹೋಗುತ್ತಾನೆಯೇ?

ಈ ಬಾರಿ ಕಬ್ಸ್ ಅವನನ್ನು 30 ದಿನ ಸಂಬಳವಿಲ್ಲದೆ ಹೊರಗಿಟ್ಟಿತು. ಆ ವರ್ಷ ಆತ ಮತ್ತೆ ಕಬ್ಸ್ ಪರ ಆಡಲಿಲ್ಲ. 2012ರ ಜನವರಿಯಲ್ಲಿ ಅವನನ್ನು ಮಯಾಮಿ ಮಾರ್ಲಿನ್ಸ್‌ಗೆ ಕೊಟ್ಟಾಗ, ಬಾಕಿಯಿದ್ದ 1.8 ಕೋಟಿ ಡಾಲರ್ ಸಂಬಳದಲ್ಲಿ ಸುಮಾರು 1.5 ಕೋಟಿಯನ್ನು ಕಬ್ಸ್ ತಾನೇ ಭರಿಸಿತು. ನಮ್ಮ ತಂಡದಲ್ಲಿ ಮಾತ್ರ ಬೇಡ ಎನ್ನುವುದಕ್ಕೆ ಅಷ್ಟು ಹಣ! ಮಯಾಮಿಯಲ್ಲಿ ಆಡಿದ ಆ ಒಂದು ಋತುವೇ ಅಮೆರಿಕದ ಅಗ್ರ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್‌ನಲ್ಲಿ ಅವನ ಕೊನೆಯದು, ಆಗ ವಯಸ್ಸು 31. ಎಂಥ ಪ್ರತಿಭೆ ಹಾಳಾಯಿತು ಎಂದು ಮರುಗುವವರು ಬಹಳ ಮಂದಿ. ನಾನು ಮರುಗುವುದು ಬ್ಯಾರೆಟ್‌ಗಾಗಿ, ಡೆರೆಕ್ ಲೀಗೋಸ್ಕರ, ಅಟ್ಲಾಂಟಾದಲ್ಲಿ ಆ ರಾತ್ರಿ ಅವನ ಪಾಲಿನ ಇನಿಂಗ್ಸ್ ಎಸೆದ ಪಿಚರ್‌ಗಳಿಗಾಗಿ. 2011ರಲ್ಲಿ ತೋರಿದ ಬಿಗಿಯನ್ನು ಕಬ್ಸ್ ಆಡಳಿತ 2007ರಲ್ಲೇ ತೋರಬೇಕಿತ್ತು.