ಚಿತ್ರ ತಾನಾಗಿಯೇ ಅರ್ಥವಾಗುವುದಿಲ್ಲ
ದಾರಿ ತೋರಿಸುವ ಫಲಕ, ನಕ್ಷೆಗಳ ಕುರಿತ ಲೇಖನವೊಂದನ್ನು ಓದಿದೆ; ಚಿತ್ರಕ್ಕೆ ಭಾಷೆಯ ಹಂಗಿಲ್ಲ, ಅದು ಯಾರಿಗಾದರೂ ತಾನಾಗಿಯೇ ಅರ್ಥವಾಗುತ್ತದೆ ಎಂಬ ಅದರ ಲೇಖಕರ ಮಾತನ್ನು ನಾನು ಒಪ್ಪಲಾರೆ. ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ, ಮೇಲ್ಮುಖ ಬಾಣದ ಫಲಕದ ಕೆಳಗೆ ಚೀಟಿ ಹಿಡಿದು ನಿಂತ ಹಿರಿಯರು, ಅದು ನೇರ ನಡೆಯಲು ಹೇಳುತ್ತಿದೆಯೋ ಮೆಟ್ಟಿಲು ಹತ್ತಲು ಹೇಳುತ್ತಿದೆಯೋ ತಿಳಿಯದೆ ಪಕ್ಕದವರನ್ನು ವಿಚಾರಿಸುವುದನ್ನು ಅನೇಕ ಸಲ ಕಂಡಿದ್ದೇನೆ. ಆ ಲೇಖನ ಉದಾಹರಿಸಿರುವ, ಹ್ಯಾರಿ ಬೆಕ್ ಎಂಬುವರು ರಚಿಸಿ 1933ರಲ್ಲಿ ಪ್ರಕಟವಾದ ಲಂಡನ್ ಸುರಂಗ ರೈಲಿನ ನಕ್ಷೆ, ನಿಜವಾದ ದೂರಗಳನ್ನು ಕೈಬಿಟ್ಟು ಅಡ್ಡ, ನೆಟ್ಟಗಿನ ಮತ್ತು 45 ಡಿಗ್ರಿ ಓರೆಯ ಗೆರೆಗಳಲ್ಲೇ ದಾರಿ ತೋರಿಸಿದ್ದು ನಿಸ್ಸಂದೇಹವಾಗಿ ದೊಡ್ಡ ಸಾಧನೆ. ಆದರೆ ಅಂಥ ನಕ್ಷೆಯಲ್ಲಿ ನಿಲ್ದಾಣಗಳನ್ನು ತೋರಿಸುವ ಎರಡು ಚುಕ್ಕೆಗಳ ನಡುವಿನ ಅಂತರವನ್ನೇ ದಾರಿಯ ದೂರವೆಂದು ಭಾವಿಸುವವರಿಗೆ, ಅದು ಹಾಗಲ್ಲವೆಂದು ಯಾರಾದರೂ ಮಾತಿನಲ್ಲೇ ತಿಳಿಸಬೇಕಾಗುತ್ತದೆ. ಆದ್ದರಿಂದ ಸಂಕೇತವನ್ನು ಗೋಡೆಗೆ ಏರಿಸುವ ಮೊದಲು ಬಳಸುವವರಿಗೇ ತೋರಿಸಿ ಅರ್ಥ ಕೇಳಬೇಕು, ಕೆಳಗೊಂದು ಸಾಲು ಕನ್ನಡವನ್ನೂ ಬರೆಯಬೇಕು.